ರಹದಾರಿ ಕೇಳುವ ಕರಾವಳಿ

ಭಟ್ಕಳವನ್ನು ಬಿಟ್ಟು ದಕ್ಷಿಣಕ್ಕೆ ಹೊರಟ ಬಸ್ಸು ಕಾಲು ಗಂಟೆಯೊಳಗೆ ಶಿರೂರನ್ನು ಹೊಗುತ್ತದೆ. ಎಡಗಡೆ ಸಹ್ಯಾದ್ರಿಯ ನೀಲಿ ಗೆರೆ, ಬಲಗಡೆ ತೆಂಗಿನ ತೋಟಗಳ ಮರೆಯಲ್ಲಿ ಕಡಲು, ನಡುವೆ ಹೆದ್ದಾರಿ. ಸುಂಕದ ಕಟ್ಟೆಯ ಬಳಿ ವಾಹನವು ಒಂದು ನಿಮಿಷ ನಿಂತರೂ ನಿಂತೀತು. ಮುಂಬಯಿಯಿಂದ ರಾತ್ರಿಯಿಡೀ ಪಯಣಿಸಿ ಬಂದವರು ಆಗ ಕಣ್ಣು ತೆರೆದು, ಕಿಟಕಿಯ ಪರದೆಯನ್ನು ಸರಿಸಿ, ‘ಊರು ಬಂತು’ ಎಂದು ಚೀಲಗಳನ್ನು ಎಳೆದುಕೊಳ್ಳತೊಡಗುತ್ತಾರೆ. ಇಲ್ಲಿಗೆ ಉತ್ತರ ಕನ್ನಡ ಮುಗಿದು ಉಡುಪಿ ಜಿಲ್ಲೆಯ ಬೈಂದೂರು ತಾಲ್ಲೂಕು ಮೊದಲಾಯಿತೆಂಬುದನ್ನು ಫಲಕ ನೋಡಿಯೇ ತಿಳಿಯಬೇಕು. ಮಣ್ಣು ಅದೇ, ಮರ ಅದೇ, ಮೀನು ಬುಟ್ಟಿ ಹೊತ್ತು ರಸ್ತೆ ದಾಟುವ ಹೆಂಗಸೂ ಅದೇ.

ಆದರೂ ಶಿರೂರು ಗಡಿಯೆನಿಸಿಕೊಂಡು ಬಹಳ ಕಾಲವಾಯಿತು. 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಿದಾಗ ಕುಂದಾಪುರದ ಸೀಮೆಯು ಮದರಾಸಿನ ಪಾಲಿಗೆ ಉಳಿಯಿತು. ಅಂದಿನಿಂದ 1956ರ ನವೆಂಬರ್ 1ರವರೆಗೆ ನೆರೆಯ ಎರಡು ಊರುಗಳ ನಡುವೆ ಎರಡು ದೊಡ್ಡ ಪ್ರಾಂತಗಳ ಗೆರೆ ಹಾದುಹೋಗಿತ್ತು. ಭಟ್ಕಳದವನ ವ್ಯಾಜ್ಯ ಮೇಲಕ್ಕೆ ಹೋದರೆ ಮುಂಬಯಿಯ ಹೈಕೋರ್ಟಿಗೆ, ಬೈಂದೂರಿನವನದು ಮದರಾಸಿನ ಹೈಕೋರ್ಟಿಗೆ. ರಾಜ್ಯಗಳ ಪುನರ್ವಿಂಗಡಣೆಯಾಗಿ ಕನ್ನಡ ನಾಡು ಒಂದಾದಾಗ ಆ ಗೆರೆ ಬರಿಯ ಜಿಲ್ಲೆಯ ಗೆರೆಯಾಗಿ ಇಳಿಯಿತು. ಮುಂದೆ ಅರುವತ್ತು ವರ್ಷಗಳಿಗೂ ಮಿಕ್ಕಿ ಅದನ್ನು ಯಾರೂ ಗಮನಕ್ಕೆ ತಂದುಕೊಳ್ಳಲಿಲ್ಲ.

2020ರ ಮೇ ತಿಂಗಳಿನಲ್ಲಿ ಆ ಗೆರೆಗೆ ಮತ್ತೆ ಜೀವ ಬಂತು. ಕೊರೋನಾ ವ್ಯಾಧಿಯ ಭಯದಿಂದ ಮಾರ್ಚ್ 25ರಂದು ದೇಶವೇ ಬಾಗಿಲು ಹಾಕಿಕೊಂಡಿತ್ತು. ಮುಂಬಯಿ ಪುಣೆಗಳ ಹೋಟೆಲುಗಳಲ್ಲಿ ಒಲೆ ಆರಿತು. ಆ ಹೋಟೆಲುಗಳ ಗಲ್ಲೆಯಲ್ಲಿ ಕುಳಿತವರು, ದೋಸೆಯ ಕಾವಲಿಯ ಮುಂದೆ ನಿಂತವರು, ಮೇಜು ಒರೆಸುವ ಹುಡುಗರು, ಇವರಲ್ಲಿ ಎಷ್ಟೋ ಮಂದಿ ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಹಳ್ಳಿಗಳವರು. ಒಂದೇ ಕೋಣೆಯಲ್ಲಿ ಎಂಟು ಹತ್ತು ಜನ ಮಲಗುವ ವಾಸ, ಸಂಬಳವಿಲ್ಲ, ಹೊರಗೆ ಕಾಯಿಲೆ. ಊರಿಗೆ ಹೋಗುವೆವೆಂದರೆ ಎರಡು ರಾಜ್ಯಗಳ ಅಪ್ಪಣೆ ಬೇಕಾಯಿತು. ಕರ್ನಾಟಕಕ್ಕೆ ಬರಲು ‘ಸೇವಾ ಸಿಂಧು’ ಎಂಬ ಸರಕಾರದ ಅಂತರ್ಜಾಲ ತಾಣದಲ್ಲಿ ಅರ್ಜಿ ಹಾಕಿ ಪಾಸು ಪಡೆಯಬೇಕು. ಹೆಸರು, ವಿಳಾಸ, ವಾಹನದ ಅಂಕೆ, ಹೊರಡುವ ದಿನ, ಸೇರುವ ಊರು ಎಲ್ಲವನ್ನೂ ಬರೆಯಬೇಕು. ಪಾಸು ದೊರೆತವರು ಬಾಡಿಗೆಯ ಕಾರು ಬಸ್ಸುಗಳಲ್ಲಿ ಹೊರಟು ಬಂದರು. ಜಿಲ್ಲೆಯ ಅಂಚಿನಲ್ಲಿ ಅವರನ್ನು ತಡೆದು, ಕಾಗದ ನೋಡಿ, ಮೈಯ ಕಾವು ಅಳೆದು, ಮನೆಯ ಬದಲು ಶಾಲೆಗಳಿಗೂ ವಿದ್ಯಾರ್ಥಿನಿಲಯಗಳಿಗೂ ಕಳುಹಿಸಲಾಯಿತು. ತಾವು ಅಕ್ಷರ ಕಲಿತ ಶಾಲೆಯ ಅದೇ ಕೋಣೆಯಲ್ಲಿ ಚಾಪೆ ಹಾಸಿ ದಿನ ಎಣಿಸುವ ಯೋಗ ಕೆಲವರಿಗೆ ಒದಗಿತು. ಮೇ 18ರಂದು ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳಗಳಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶವೇ ಇಲ್ಲವೆಂದು ರಾಜ್ಯ ಸರಕಾರವು ಸಾರಿತು.

ಸ್ವತಂತ್ರ ದೇಶದ ಪ್ರಜೆಗೆ ತನ್ನ ಊರನ್ನು ಸೇರಲು ರಹದಾರಿ ಬೇಕೇ ಎಂಬ ಪ್ರಶ್ನೆ ಆಗ ಎಷ್ಟು ಬಾಯಿಗಳಲ್ಲಿ ಬಂದಿತೋ ಲೆಕ್ಕವಿಲ್ಲ. ಸಂವಿಧಾನದ 19ನೆಯ ಅನುಚ್ಛೇದವು ಭಾರತದ ಪೌರನಿಗೆ ದೇಶದಾದ್ಯಂತ ಸಂಚರಿಸುವ ಹಕ್ಕನ್ನೂ, ಯಾವ ಭಾಗದಲ್ಲಾದರೂ ನೆಲೆಸುವ ಹಕ್ಕನ್ನೂ ಕೊಟ್ಟಿದೆ. ಅದೇ ಅನುಚ್ಛೇದದ ಐದನೆಯ ಉಪಖಂಡವು ಸಾರ್ವಜನಿಕರ ಹಿತಕ್ಕಾಗಿ ಯುಕ್ತವಾದ ನಿರ್ಬಂಧಗಳನ್ನು ಹಾಕಬಹುದೆಂದೂ ಹೇಳುತ್ತದೆ. ಕಾನೂನಿನ ಮಾತು ಅಲ್ಲಿಗೆ ಮುಗಿಯಿತು. ಊರಿನ ಮಾತು ಮುಗಿಯಲಿಲ್ಲ. ಮುಂಬಯಿಯ ಮನಿಯಾರ್ಡರಿನಿಂದ ಹುಲ್ಲು ಮಾಡು ತೆಗೆದು ಹೆಂಚು ಹೊದಿಸಿದ ಮನೆಗಳಲ್ಲಿ ಮುಂಬಯಿಯವನು ಬಂದನೆಂದರೆ ಕದ ಮುಚ್ಚಿದವರೂ ಉಂಟು. ಶಾಲೆಯ ಬೇಲಿಯ ಆಚೆ ನಿಂತು ಬುತ್ತಿಯನ್ನು ಕಲ್ಲಿನ ಮೇಲಿಟ್ಟು, ಮಗನು ತಿಂದು ಮುಗಿಸುವವರೆಗೆ ನೋಡುತ್ತ ನಿಂತ ತಾಯಂದಿರೂ ಉಂಟು. ಇಬ್ಬರ ಅಂಜಿಕೆಯೂ ಸುಳ್ಳಲ್ಲ.

ಶಿರೂರಿನಿಂದ ಬೈಂದೂರು ದೂರವಿಲ್ಲ. 1998ರಲ್ಲಿ ಕೊಂಕಣ ರೈಲುಮಾರ್ಗವು ಪೂರ್ಣವಾಗಿ ತೆರೆದ ಮೇಲೆ ಇಲ್ಲಿಯ ನಿಲ್ದಾಣಕ್ಕೆ ‘ಮೂಕಾಂಬಿಕಾ ರೋಡ್ ಬೈಂದೂರು’ ಎಂಬ ಹೆಸರು ಬಂದಿತು. 2018ರಲ್ಲಿ ಬೈಂದೂರೂ ಬ್ರಹ್ಮಾವರವೂ ಬೇರೆ ತಾಲ್ಲೂಕುಗಳಾದವು. ಹಾಗೆಂದು ಎಲ್ಲ ಗೆರೆಗಳೂ ಒಂದರ ಮೇಲೊಂದು ಕೂಡುವುದಿಲ್ಲ. ಬೈಂದೂರಿನ ಮತದಾರನು ಲೋಕಸಭೆಗೆ ಘಟ್ಟದ ಮೇಲಿನ ಶಿವಮೊಗ್ಗದ ಪ್ರತಿನಿಧಿಯನ್ನು ಆರಿಸುತ್ತಾನೆ, ಕುಂದಾಪುರದವನು ಉಡುಪಿ–ಚಿಕ್ಕಮಗಳೂರಿನವನನ್ನು. ಹೊರದೇಶದಲ್ಲಿರುವ ಭಾರತೀಯ ಪೌರನಿಗೂ 2011ರಿಂದ ತನ್ನ ಪಾಸ್‌ಪೋರ್ಟಿನಲ್ಲಿ ಬರೆದ ಊರಿನ ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸುವ ಹಕ್ಕಿದೆ. ಆದರೆ ಮತ ಹಾಕಲು ಅವನೇ ಖುದ್ದಾಗಿ ಮತಗಟ್ಟೆಗೆ ಬರಬೇಕು. ಒಂದು ಮತಕ್ಕಾಗಿ ವಿಮಾನದ ಚೀಟಿ ಕೊಳ್ಳುವವರು ಎಷ್ಟು ಮಂದಿ? ಕೊಲ್ಲಿ ದೇಶದಲ್ಲಿ ದುಡಿಯುವವನಿಗೆ ರಜೆ ಸಿಗುವುದು ಯಜಮಾನನ ಇಷ್ಟದಂತೆ. ಚುನಾವಣಾ ಆಯೋಗದ ಪಂಚಾಂಗದಂತೆ ಅಲ್ಲ.

ಬೈಂದೂರಿನಿಂದ ಒಳಕ್ಕೆ, ಕೊಡಚಾದ್ರಿಯ ತಪ್ಪಲಿನಲ್ಲಿ ಕೊಲ್ಲೂರು. ಇಲ್ಲಿಗೆ ಕೇರಳದಿಂದ ಬರುವ ಭಕ್ತರ ಸಂಖ್ಯೆ ಕನ್ನಡಿಗರಿಗಿಂತ ಕಡಿಮೆಯೇನಲ್ಲ. ಕ್ರೈಸ್ತ ಮನೆತನದಲ್ಲಿ ಹುಟ್ಟಿದ ಗಾಯಕ ಯೇಸುದಾಸರು ಜನವರಿ 10ರ ತಮ್ಮ ಹುಟ್ಟುಹಬ್ಬದಂದು ಬಂದು ದೇವಿಯ ಮುಂದೆ ಹಾಡುವ ಪದ್ಧತಿಯನ್ನು ದಶಕಗಳ ಕಾಲ ನಡೆಸಿಕೊಂಡು ಬಂದರು. ದೇವಿಯ ಬಾಗಿಲಲ್ಲಿ ಕಾಗದ ಕೇಳುವವರಿಲ್ಲ. ವಸತಿಗೃಹದ ಮೇಜಿನಲ್ಲಿ ಕೇಳುತ್ತಾರೆ. ವಿದೇಶೀಯನೊಬ್ಬನು ಬಂದಿಳಿದರೆ ವಸತಿಗೃಹದವನು ಅವನ ಪಾಸ್‌ಪೋರ್ಟ್ ವೀಸಾಗಳ ವಿವರವನ್ನು ಇಪ್ಪತ್ತನಾಲ್ಕು ಗಂಟೆಗಳೊಳಗೆ ಅಧಿಕಾರಿಗಳಿಗೆ ಒಪ್ಪಿಸಬೇಕು. ಇದರ ಹಿಂದೆ ಬಹುಕಾಲ ಇದ್ದುದು ಬ್ರಿಟಿಷರ ಆಳ್ವಿಕೆಯ ಕಾನೂನುಗಳು: 1920ರ ಪಾಸ್‌ಪೋರ್ಟ್ ಪ್ರವೇಶದ ಅಧಿನಿಯಮ, 1939ರ ವಿದೇಶೀಯರ ನೋಂದಣಿಯ ಅಧಿನಿಯಮ, 1946ರ ವಿದೇಶೀಯರ ಅಧಿನಿಯಮ. ಇವನ್ನೆಲ್ಲ ತೆಗೆದುಹಾಕಿ ಒಂದೇ ಕಟ್ಟಿಗೆ ತಂದ ಹೊಸ ವಲಸೆ ಮತ್ತು ವಿದೇಶೀಯರ ಅಧಿನಿಯಮವು 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ಸರಿಯಾದ ಪಾಸ್‌ಪೋರ್ಟ್ ಅಥವಾ ವೀಸಾ ಇಲ್ಲದೆ ಒಳಬಂದವನಿಗೆ ಐದು ವರ್ಷಗಳವರೆಗೆ ಸೆರೆ, ಐದು ಲಕ್ಷ ರೂಪಾಯಿಗಳವರೆಗೆ ದಂಡ. ವೀಸಾದ ಅವಧಿ ಮೀರಿ ನಿಂತವನಿಗೆ ಮೂರು ವರ್ಷ, ಮೂರು ಲಕ್ಷ. ಸೌಪರ್ಣಿಕೆಯಲ್ಲಿ ಮಿಂದು, ಊರಿನ ತಂಪಿಗೆ ಮನಸೋತು, ಇನ್ನೊಂದು ತಿಂಗಳು ಇದ್ದು ಹೋಗೋಣವೆಂದು ಕುಳಿತ ಪರದೇಶಿಯು ಈ ಅಂಕೆಗಳನ್ನು ತಿಳಿದಿರುವುದು ಕ್ಷೇಮ.

ಹೆದ್ದಾರಿಗೆ ಮರಳಿ ದಕ್ಷಿಣಕ್ಕೆ ನಡೆದರೆ ಮರವಂತೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ, ನಡುವೆ ಕಿರಿದಾದ ನೆಲ. ಈ ದೃಶ್ಯವನ್ನು ಚಿತ್ರಗಳಲ್ಲಿ ಕಾಣದ ವಾಚಕರು ವಿರಳ. ಮುಂದೆ ಹಲವು ಹೊಳೆಗಳು ಕೂಡಿ ಕಡಲಿಗೆ ಬೀಳುವ ಪಂಚಗಂಗಾವಳಿಯ ಅಳಿವೆ. ಅದರ ಬಡಗು ದಡದಲ್ಲಿ ಗಂಗೊಳ್ಳಿ, ತೆಂಕು ದಡದಲ್ಲಿ ಕುಂದಾಪುರ. ಗಂಗೊಳ್ಳಿಯ ಬಂದರಿನಲ್ಲಿ ಹಿಂದೆ ಪತ್ತೇಮಾರಿಗಳೂ ಮಚವೆಗಳೂ ಹೆಂಚು ಅಕ್ಕಿಗಳನ್ನು ಹೊತ್ತು ಹಾಯಿ ಬಿಚ್ಚುತ್ತಿದ್ದವು. ನಾಖುದಾ ಎಂದರೆ ಹಡಗಿನ ಯಜಮಾನ. ಆ ಹೆಸರು ಈ ಕರಾವಳಿಯ ಕೆಲವು ಮುಸಲ್ಮಾನ ಮನೆತನಗಳಲ್ಲಿ ಇಂದಿಗೂ ಉಳಿದಿದೆ. ಈಗ ಇಲ್ಲಿ ಮೀನುಗಾರಿಕೆಯ ಯಾಂತ್ರಿಕ ದೋಣಿಗಳು. 2008ರ ನವೆಂಬರಿನಲ್ಲಿ ಸಮುದ್ರಮಾರ್ಗವಾಗಿ ಬಂದವರು ಮುಂಬಯಿಯ ಮೇಲೆ ಎರಗಿದ ಬಳಿಕ ಕರಾವಳಿಯ ಕಾವಲು ಬಿಗಿಯಾಯಿತು; ಬೆರಳ ಗುರುತು ಸಹಿತವಾದ ಚೀಟಿಗಳನ್ನು ಮೀನುಗಾರರಿಗೆ ಹಂಚಲಾಯಿತು. ಹುಟ್ಟಿದಂದಿನಿಂದ ಕಂಡ ಕಡಲಿಗೆ ಇಳಿಯುವಾಗಲೂ ತಾನು ಯಾರೆಂಬುದಕ್ಕೆ ಕಾಗದ ಇರಬೇಕು.

ಇದು ಹೊಸತೆಂದು ಭಾವಿಸುವವರು ಹೊಳೆಯ ಗುಂಟ ಸ್ವಲ್ಪ ಒಳಗೆ ಬಸರೂರಿಗೆ ಹೋಗಿ ಬರಬೇಕು. ಹಾಳು ಕೋಟೆಯ ಅಗಳು, ಹಳೆಯ ದೇವಾಲಯಗಳು, ಶಾಸನದ ಕಲ್ಲುಗಳು, ಬಿಸಿಲಿಗೆ ಮಲಗಿದ ಬೀದಿ. ಹದಿನಾರನೆಯ ಶತಮಾನದಲ್ಲಿ ಇದು ಅಕ್ಕಿಯ ದೊಡ್ಡ ಪೇಟೆ. ಇಲ್ಲಿಯ ಅಕ್ಕಿ ಗೋವೆಗೂ, ಹೊರ್ಮುಜ್ ಮಸ್ಕತ್ತುಗಳಿಗೂ ಹೋಗುತ್ತಿತ್ತು. ಪೋರ್ತುಗೀಜರು ಇದನ್ನು ‘ಬಾರ್ಸೆಲೋರ್’ ಎಂದು ಕರೆದರು. ಕಡಲು ತಮ್ಮ ಅರಸನದೆಂದು ಸಾರಿ, ಅದರ ಮೇಲೆ ಸಾಗುವ ಪ್ರತಿಯೊಂದು ನಾವೆಯೂ ತಮ್ಮಿಂದ ‘ಕಾರ್ತಾಜ್’ ಎಂಬ ಪರವಾನಿಗೆಯನ್ನು ಕೊಳ್ಳಬೇಕೆಂದು ಅವರು ವಿಧಿಸಿದರು. ಹಡಗಿನ ಹೆಸರು, ನಾಖುದಾನ ಹೆಸರು, ಅದರ ಗಾತ್ರ, ಅದರಲ್ಲಿರುವ ಆಯುಧ, ಹೋಗುವ ಬಂದರು ಎಲ್ಲವೂ ಆ ಕಾಗದದಲ್ಲಿ. ಮೆಣಸು ಮುಂತಾದ ಕೆಲವು ಸರಕುಗಳನ್ನು ಒಯ್ಯುವಂತಿಲ್ಲ. ಪೋರ್ತುಗೀಜರ ಬಂದರಕ್ಕೆ ಬಂದು ಸುಂಕ ತೆರಬೇಕು. ಕಾಗದವಿಲ್ಲದ ಹಡಗು ಸರಕು ಸಮೇತ ಅವರ ವಶ. ತಲೆತಲಾಂತರದಿಂದ ಅರಬರ ನಾಡಿಗೆ ಹೋಗಿಬರುತ್ತಿದ್ದ ಬಸರೂರಿನ ಸೆಟ್ಟಿಗಳಿಗೆ ತಮ್ಮ ಕಡಲಿನ ಮೇಲೆ ತಾವು ನಡೆಯಲು ಏಳು ಸಮುದ್ರದಾಚೆಯವನ ಸಹಿ ಬೇಕಾಯಿತು! 1569ರಲ್ಲಿ ಪೋರ್ತುಗೀಜರು ಬಸರೂರಿನ ಅಳಿವೆಯನ್ನೇ ಹಿಡಿದು ಕೋಟೆ ಕಟ್ಟಿಕೊಂಡರು. ಎಂಬತ್ತಕ್ಕೂ ಹೆಚ್ಚು ವರ್ಷಗಳ ಬಳಿಕ ಕೆಳದಿಯ ಶಿವಪ್ಪ ನಾಯಕನು ಅವರನ್ನು ಈ ತೀರದಿಂದ ಹೊರಡಿಸಿದನು. 1665ರಲ್ಲಿ ಶಿವಾಜಿಯು ಸಮುದ್ರಮಾರ್ಗವಾಗಿಯೇ ಬಂದು ಬಸರೂರನ್ನು ಸೂರೆಮಾಡಿದ್ದುಂಟು. ಅವನು ಯಾರ ಪರವಾನಿಗೆಯನ್ನೂ ಕೇಳಿದಂತಿಲ್ಲ.

ಪೋರ್ತುಗೀಜರ ಆಳ್ವಿಕೆಯ ಬಿಸಿ ತಾಳದೆ ಗೋವೆಯನ್ನು ಬಿಟ್ಟು ಬಂದವರಿಗೂ ಇದೇ ಕರಾವಳಿ ನೆಲೆ ಕೊಟ್ಟಿತು. ದೇವರನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದ ಗೌಡ ಸಾರಸ್ವತರು, ಬಳಿಕ ಬೇರೆ ಬೇರೆ ಕಾಲಗಳಲ್ಲಿ ಬಂದ ಕೊಂಕಣಿ ಕ್ರೈಸ್ತರು, ಎಲ್ಲರೂ ಹೊಳೆಯ ದಡಗಳಲ್ಲಿ ನಿಂತರು. ಬೇಸಾಯ ಮಾಡಿದರು, ಅಂಗಡಿ ಇಟ್ಟರು. ಮನೆಯೊಳಗೆ ಕೊಂಕಣಿ, ಪೇಟೆಯಲ್ಲಿ ಕನ್ನಡ. ‘ನೀವು ಎಷ್ಟನೆಯ ವರ್ಷ ಬಂದವರು, ನಿಮ್ಮ ಅವಧಿ ಎಂದಿಗೆ ಮುಗಿಯುತ್ತದೆ’ ಎಂದು ಕೇಳುವ ಕಚೇರಿ ಅಂದು ಇರಲಿಲ್ಲ. ಸ್ವಾತಂತ್ರ್ಯದ ಬಳಿಕವೂ 1961ರ ಡಿಸೆಂಬರಿನವರೆಗೆ ಗೋವೆಯು ಪರದೇಶವಾಗಿಯೇ ಉಳಿದಿತ್ತು. ಅಲ್ಲಿ ಕುಲದೇವರಿದ್ದವರಿಗೆ ಹರಕೆ ತೀರಿಸುವುದಕ್ಕೂ ಗಡಿ ಅಡ್ಡವಾಗಿತ್ತು. 1962ರ ಪೌರತ್ವ ಆಜ್ಞೆಯ ಮೂಲಕ ಗೋವೆಯವರು ಒಟ್ಟಾಗಿ ಭಾರತದ ಪೌರರಾದರು. ಬೇಡವೆನ್ನುವವರಿಗೆ ಒಂದು ತಿಂಗಳ ಕಾಲಾವಕಾಶವಿತ್ತು.

ಕುಂದಾಪುರದ ಪೇಟೆಯಲ್ಲಿ ಇಂದು ಸುತ್ತಾಡಿದರೆ ಪಾಸ್‌ಪೋರ್ಟಿನ ಅಳತೆಯ ಭಾವಚಿತ್ರ ತೆಗೆಯುವ ಸ್ಟುಡಿಯೋ, ಹಣ ಬದಲಾಯಿಸುವ ಅಂಗಡಿ, ವಿಮಾನದ ಟಿಕೆಟ್ ಮಾಡಿಸಿಕೊಡುವ ಕಚೇರಿ, ಇವೆಲ್ಲ ಮೀನುಪೇಟೆಯಷ್ಟೇ ಸಹಜವಾಗಿ ಕಾಣುತ್ತವೆ. ಮೊದಲು ಮುಂಬಯಿ, ಮುಂಬಯಿಯಿಂದ ಕೊಲ್ಲಿ: ಎರಡು ಮೂರು ತಲೆಮಾರುಗಳು ನಡೆದ ದಾರಿ ಇದು. ಹಿಂದೆ ಆ ನಾಡುಗಳು ಅಷ್ಟು ದೂರವೆಂದು ತೋರುತ್ತಲೂ ಇರಲಿಲ್ಲ. ಕುವೈತಿನ ಪೇಟೆಯಲ್ಲಿ 1961ರವರೆಗೂ ನಡೆಯುತ್ತಿದ್ದ ನಾಣ್ಯ ಭಾರತದ ರೂಪಾಯಿ. ಎಣ್ಣೆಯ ಸಂಪತ್ತು ಉಕ್ಕಿದ ಮೇಲೆ ಜನರು ಗುಂಪಾಗಿ ಹೊರಟರು. ಅದಕ್ಕೆ ತಕ್ಕಂತೆ ಕಾಗದಗಳೂ ಬೆಳೆದವು. 1967ರವರೆಗೆ ಪಾಸ್‌ಪೋರ್ಟ್ ಕೊಡುವುದೂ ಬಿಡುವುದೂ ಸರಕಾರದ ಕೃಪೆಯಾಗಿತ್ತು. ಆ ವರ್ಷದ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವು ವಿದೇಶ ಪ್ರಯಾಣವೂ ವ್ಯಕ್ತಿಸ್ವಾತಂತ್ರ್ಯದ ಭಾಗವೆಂದು ತೀರ್ಪು ಕೊಟ್ಟಿತು; ಜೂನಿನಲ್ಲಿ ಪಾಸ್‌ಪೋರ್ಟ್ ಅಧಿನಿಯಮ ಬಂದಿತು. 1983ರ ಉತ್ಪ್ರವಾಸ ಅಧಿನಿಯಮವು ದುಡಿಯಲು ಹೋಗುವವರ ರಕ್ಷಣೆಗೆಂದು ಇನ್ನೊಂದು ಬಾಗಿಲನ್ನು ನಿರ್ಮಿಸಿತು. ಹತ್ತನೆಯ ತರಗತಿ ತೇರ್ಗಡೆಯಾಗದವನ ಪಾಸ್‌ಪೋರ್ಟಿನಲ್ಲಿ ‘ಅನುಮತಿ ಬೇಕು’ ಎಂಬ ಗುರುತು ಬೀಳುತ್ತದೆ. ಅಂಥವನು ಗೊತ್ತುಪಡಿಸಿದ ಹದಿನೆಂಟು ದೇಶಗಳಿಗೆ ಉದ್ಯೋಗಕ್ಕಾಗಿ ಹೊರಡಬೇಕಾದರೆ ಉತ್ಪ್ರವಾಸಿಗಳ ಸಂರಕ್ಷಣಾಧಿಕಾರಿಯ ಒಪ್ಪಿಗೆ ಪಡೆಯಬೇಕು. ಅಂಥ ಪಾಸ್‌ಪೋರ್ಟಿನ ಹೆಂಗಸಿಗಂತೂ ಮೂವತ್ತು ವರ್ಷ ತುಂಬಿರಬೇಕು. ಆದುದರಿಂದಲೇ ಎಸ್.ಎಸ್.ಎಲ್.ಸಿ.ಯ ಅಂಕಪಟ್ಟಿ ಇಲ್ಲಿಯ ಮನೆಗಳಲ್ಲಿ ಚಿನ್ನದ ಪಕ್ಕದಲ್ಲಿ, ಪೆಟ್ಟಿಗೆಯ ತಳದಲ್ಲಿ ಇರುತ್ತದೆ. ಒಂದು ವಿಷಯದಲ್ಲಿ ನಾಲ್ಕು ಅಂಕ ಕಡಿಮೆ ಬಿದ್ದುದರಿಂದ ಜೀವಮಾನದ ದಾರಿಯೇ ತಿರುಗಿಹೋದವರನ್ನು ಹುಡುಕಲು ಈ ತಾಲ್ಲೂಕುಗಳಲ್ಲಿ ಬಹಳ ಅಲೆಯಬೇಕಾಗಿಲ್ಲ.

1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತನ್ನು ನುಂಗಿದಾಗ ಈ ಕಾಗದಗಳ ಬೆಲೆ ಎಲ್ಲರಿಗೂ ತಿಳಿಯಿತು. ಬಸ್ಸುಗಳಲ್ಲಿ ಮರುಭೂಮಿಯನ್ನು ದಾಟಿ ಅಮ್ಮಾನ್ ನಗರವನ್ನು ಸೇರಿದ ಭಾರತೀಯರನ್ನು ಏರ್ ಇಂಡಿಯಾದ ವಿಮಾನಗಳು ತಿಂಗಳುಗಟ್ಟಲೆ ಹೊತ್ತು ತಂದವು. ಒಂದು ಲಕ್ಷ ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನ. ಅವರಲ್ಲಿ ಕನ್ನಡ ಕರಾವಳಿಯವರೂ ಇದ್ದರು. ಪಾಸ್‌ಪೋರ್ಟ್ ಕಳೆದುಕೊಂಡ ಪೌರನಿಗೆ ರಾಯಭಾರ ಕಚೇರಿಯು ಕೊಡುವ ತುರ್ತು ಪ್ರಮಾಣಪತ್ರವೆಂಬುದೊಂದುಂಟು. ಅದು ಒಂದೇ ಸಲ, ಒಂದೇ ದಿಕ್ಕಿಗೆ ನಡೆಯುತ್ತದೆ. ಆ ದಿಕ್ಕು ಸ್ವದೇಶ. ಬೇರೆಲ್ಲಿಗೆ ಹೋಗಲೂ ಅದು ಉಪಯೋಗಕ್ಕೆ ಬಾರದು.

ಕುಂದಾಪುರವನ್ನು ಬಿಟ್ಟೊಡನೆ ಕೋಟೇಶ್ವರ. ವೃಶ್ಚಿಕ ಮಾಸದ ಹುಣ್ಣಿಮೆಗೆ ಇಲ್ಲಿ ಕೊಡಿ ಹಬ್ಬ. ಹೊಸದಾಗಿ ಮದುವೆಯಾದವರು ಜೊತೆಯಾಗಿ ಬಂದು ದೇವರ ದರ್ಶನ ಮಾಡಿ, ಕಬ್ಬಿನ ಜಲ್ಲೆಯನ್ನು ಹಿಡಿದು ಮನೆಗೆ ಮರಳುವುದು ವಾಡಿಕೆ. ಈ ಹಬ್ಬಕ್ಕೂ, ಮಂದಾರ್ತಿಯ ಮೇಳದ ಹರಕೆಯಾಟಕ್ಕೂ ದೂರದ ಊರುಗಳಿಂದ ರಜೆ ಹೊಂದಿಸಿಕೊಂಡು ಬರುವವರು ಬಹಳ. ಹರಕೆಯಾಟದ ಸರದಿಯಂತೂ ವರ್ಷಗಟ್ಟಲೆ ಮುಂದೆಯೇ ನಿಶ್ಚಯವಾಗಿರುತ್ತದೆ. ಅಮೆರಿಕದ ವೀಸಾಕ್ಕಾಗಿ ಕಾಯುವವನಿಗೆ ಇಲ್ಲಿಯ ಸರದಿ ಹೊಸ ಅನುಭವವೆನಿಸಲಾರದು. ಮುಂದೆ ಕೋಟ, ಶಿವರಾಮ ಕಾರಂತರು ಹುಟ್ಟಿದ ಊರು. ಕಡಲ ತಡಿಯ ಬಡ ಸಂಸಾರವೊಂದರ ಮೂರು ತಲೆಮಾರುಗಳನ್ನು ‘ಮರಳಿ ಮಣ್ಣಿಗೆ’ ಕಾದಂಬರಿಯಲ್ಲಿ ಅವರು ಚಿತ್ರಿಸಿದ್ದು ಈ ಸೀಮೆಯ ಮಣ್ಣನ್ನು ಹಿಡಿದೇ.

ಸೀತಾನದಿಯ ಬಳಿಯ ಬಾರಕೂರಿಗೆ ಬಂದರೆ ರಹದಾರಿಯ ಕಥೆ ಇನ್ನೂ ಇನ್ನೂರು ವರ್ಷ ಹಿಂದಕ್ಕೆ ಹೋಗುತ್ತದೆ. ಹದಿನಾಲ್ಕನೆಯ ಶತಮಾನದ ನಡುಭಾಗದಲ್ಲಿ ಮೊರೊಕ್ಕೋ ದೇಶದ ಇಬ್ನ್ ಬತೂತನು ಈ ತೀರದಲ್ಲಿ ಸಂಚರಿಸಿದನು. ಬಸರೂರನ್ನು ಅವನು ತೆಂಗಿನ ಮರಗಳು ತುಂಬಿದ ಸಣ್ಣ ಊರೆಂದು ವರ್ಣಿಸುತ್ತಾನೆ. ಬಳಿಕ ಬರುವ ‘ಫಾಕನೂರ್’ ಎಂಬುದು ಬಾರಕೂರು. ಅಲ್ಲಿಯ ದೊರೆಗೆ ಮೂವತ್ತು ಯುದ್ಧನೌಕೆಗಳು. ಅವುಗಳ ನಾಯಕನು ಮುಸಲ್ಮಾನನು. ಬಂದರದ ಮುಂದೆ ಹಾದುಹೋಗುವ ಪ್ರತಿಯೊಂದು ಹಡಗೂ ಲಂಗರು ಹಾಕಿ ದೊರೆಗೆ ಕಾಣಿಕೆ ಕೊಡಬೇಕು. ಅದಕ್ಕೆ ‘ಬಂದರದ ಹಕ್ಕು’ ಎಂದು ಹೆಸರು. ನಿಲ್ಲದೆ ಹೋದ ಹಡಗನ್ನು ಬೆನ್ನಟ್ಟಿ ಎಳೆತಂದು, ಎರಡು ಪಟ್ಟು ತೆಗೆದುಕೊಂಡು, ದೊರೆಗೆ ಇಷ್ಟ ಬರುವವರೆಗೆ ಹೊರಡಗೊಡುತ್ತಿರಲಿಲ್ಲವಂತೆ. ಅವಧಿ ಮೀರಿ ನಿಂತವನಿಗೆ ಇಂದು ದಂಡ. ನಿಲ್ಲದೆ ಹೋದವನಿಗೆ ಅಂದು ದಂಡ. ಪೋರ್ತುಗೀಜನು ಬರುವ ಮೊದಲೇ ನಮ್ಮವರಿಗೂ ಈ ವಿದ್ಯೆ ತಿಳಿದಿತ್ತೆಂಬುದನ್ನು ಒಪ್ಪಿಕೊಳ್ಳಬೇಕು.

ಬಾರಕೂರಿಗೇ ಅಂಟಿಕೊಂಡ ಇನ್ನೊಂದು ಕಥೆ ಭೂತಾಳ ಪಾಂಡ್ಯನದು. ಸರಕು ತುಂಬಿದ ಹೊಸ ಹಡಗುಗಳು ನೀರಿಗೆ ಇಳಿಯಲು ಕುಂಡೋದರನೆಂಬ ಭೂತರಾಜನು ನರಬಲಿಯನ್ನು ಕೇಳಿದನಂತೆ. ದೊರೆಯ ಹೆಂಡತಿ ತನ್ನ ಮಕ್ಕಳನ್ನು ಕೊಡೆನೆಂದಳು. ದೊರೆಯ ತಂಗಿ ತನ್ನ ಮಗನನ್ನು ಮುಂದಿಟ್ಟಳು. ಭೂತವು ಮೆಚ್ಚಿ ಹುಡುಗನನ್ನು ಉಳಿಸಿತು. ಅಂದಿನಿಂದ ಆಸ್ತಿ ಮಗನಿಗೆ ಸಲ್ಲದೆ ಅಳಿಯನಿಗೆ ಸಲ್ಲತಕ್ಕದ್ದೆಂಬ ಅಳಿಯಕಟ್ಟು ನಿಂತಿತೆಂದು ಐತಿಹ್ಯ. ಇತಿಹಾಸಕಾರರು ಏನೇ ಹೇಳಲಿ, ಬಂಟರೇ ಮೊದಲಾದ ಹಲವು ಸಮುದಾಯಗಳಲ್ಲಿ ಮನುಷ್ಯನು ಯಾವ ಮನೆಗೆ ಸೇರಿದವನು ಎಂಬುದು ತಾಯಿಯಿಂದಲೇ ನಿರ್ಣಯವಾಗುತ್ತಿತ್ತು. ತಾಯಿಯ ಬಳಿಯೇ ಮಗುವಿನ ಬಳಿ. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮ ಬಂದ ಮೇಲೆ ಆಸ್ತ‌ಿಯಲ್ಲಿ ಅಳಿಯಕಟ್ಟಿನ ಬಿಗಿ ಸಡಿಲವಾಯಿತು; ದೈವಕಾರ್ಯದಲ್ಲಿ, ಮದುವೆ ಮಾತುಕತೆಯಲ್ಲಿ ಬಳಿಯನ್ನು ಕೇಳುವುದು ನಿಂತಿಲ್ಲ.

ಪೌರತ್ವದ ಕಾನೂನು ಮಾತ್ರ ಭೂತಾಳ ಪಾಂಡ್ಯನ ಮಾತನ್ನು ಕೇಳಲಿಲ್ಲ. 1955ರ ಅಧಿನಿಯಮದ ಪ್ರಕಾರ, ಹೊರದೇಶದಲ್ಲಿ ಹುಟ್ಟಿದ ಮಗುವು ವಂಶದ ಬಲದಿಂದ ಭಾರತೀಯವೆನಿಸಬೇಕಾದರೆ ತಂದೆಯು ಭಾರತೀಯನಾಗಿರಬೇಕಿತ್ತು. ತಾಯಿ ಲೆಕ್ಕಕ್ಕೆ ಇರಲಿಲ್ಲ! ತಾಯಿಯ ಹೆಸರಿನಿಂದಲೇ ಮನೆಗಳು ನಡೆದ ಈ ನೆಲದ ಹೆಣ್ಣುಮಗಳಿಗೂ ಅದೇ ನಿಯಮ. 1992ರ ಡಿಸೆಂಬರ್ 10ರಿಂದ ಈಚೆಗೆ ಹುಟ್ಟಿದವರಿಗೆ ತಂದೆ ತಾಯಿಯರಲ್ಲಿ ಯಾರಾದರೊಬ್ಬರು ಭಾರತೀಯರಾಗಿದ್ದರೆ ಸಾಕೆಂದಾಯಿತು. 2004ರ ಡಿಸೆಂಬರ್ 3ರಿಂದ ಇನ್ನೊಂದು ಕಟ್ಟು ಸೇರಿತು. ಮಗು ಹುಟ್ಟಿದ ಒಂದು ವರ್ಷದೊಳಗೆ ಭಾರತೀಯ ದೂತಾವಾಸದಲ್ಲಿ ನೋಂದಾಯಿಸಬೇಕು. ತಪ್ಪಿದರೆ ಕೇಂದ್ರ ಸರಕಾರದ ಅನುಮತಿಯಿಂದಲೇ ಅದನ್ನು ಮಾಡಿಸಬೇಕು. ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ಬರೆದುಕೊಡಬೇಕು.

ಬಾರಕೂರಿನ ಹೊಳೆ ದಾಟಿದರೆ ಬ್ರಹ್ಮಾವರ. ಇಲ್ಲಿಯ ಸಿರಿಯನ್ ಆರ್ಥೊಡಾಕ್ಸ್ ಇಗರ್ಜಿಯದೂ ಒಂದು ಬಗೆಯ ಅಧಿಕಾರ ಸೀಮೆಯ ಕಥೆಯೇ. ಕ್ರೈಸ್ತರು ಗೋವೆಯ ಆಡಳಿತಕ್ಕೆ ಸೇರಿದವರೋ, ರೋಮಿನ ನೇರ ಆಡಳಿತಕ್ಕೆ ಸೇರಿದವರೋ ಎಂಬ ಜಗಳ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬೆಳೆದಾಗ ಇಲ್ಲಿಯ ಕೆಲವರು ಎರಡನ್ನೂ ಬಿಟ್ಟು ಗೋವೆಯ ಅಲ್ವಾರಿಸ್ ಪಾದ್ರಿಯ ಬೆನ್ನು ಹಿಡಿದು ಅಂತಿಯೋಕಿನ ಮಠಪೀಠವನ್ನು ಆಶ್ರಯಿಸಿದರು. ಅಲ್ವಾರಿಸರಿಗೆ 1889ರಲ್ಲಿ ಕೊಲಂಬೋದಲ್ಲಿ ಬಿಷಪ್ ಪಟ್ಟವಾಯಿತು. ಕೊಂಕಣಿ ಮಾತು, ಸಿರಿಯದ ಪರಂಪರೆ, ಕನ್ನಡದ ಊರು.

ಬ್ರಹ್ಮಾವರದ ಒಳದಾರಿಯಲ್ಲಿ, ಬೈಲುಗದ್ದೆಯ ಅಂಚಿನ ಒಂದು ಮನೆಯನ್ನು ವಾಚಕರು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಬಹುದು. ಇಂಥ ಮನೆಗಳು ಇಲ್ಲಿ ನೂರಾರು. ಜಗಲಿಯ ಮೇಲೆ ಎಂಬತ್ತರ ಅಜ್ಜಿ. ಹಿರಿಯ ಮಗನು ಮುಂಬಯಿಯ ಹೋಟೆಲಿನವನು. ಅವನ ಮಗ ಅಲ್ಲಿಯೇ ಓದಿದ್ದರಿಂದ, ಕರ್ನಾಟಕದಲ್ಲಿ ಏಳು ವರ್ಷ ಓದಿದವರಿಗೆ ಸಿಗುವ ವೃತ್ತಿಶಿಕ್ಷಣದ ಸೀಟು ಕೇಳುವಾಗ ತಾನು ಹೊರನಾಡ ಕನ್ನಡಿಗನೆಂದೋ, ಹೆತ್ತವರು ಇಲ್ಲಿ ಓದಿದವರೆಂದೋ ಕಾಗದ ಒದಗಿಸಬೇಕಾಗಿದೆ. ಎರಡನೆಯ ಮಗನು ಇಪ್ಪತ್ತೆರಡು ವರ್ಷಗಳಿಂದ ಕುವೈತಿನಲ್ಲಿ. ಮಗಳು ಮಣಿಪಾಲದಲ್ಲಿ ವೈದ್ಯಕೀಯ ಓದಿ ಅಮೆರಿಕಕ್ಕೆ ಹೋದವಳು. ಅಲ್ಲಿಯ ಪೌರತ್ವ ಪಡೆದ ದಿನವೇ ಭಾರತದ ಪೌರತ್ವವು ತಾನಾಗಿ ಬಿಟ್ಟುಹೋಯಿತು, ನೀಲಿ ಬಣ್ಣದ ಹಳೆಯ ಪಾಸ್‌ಪೋರ್ಟನ್ನು ಒಪ್ಪಿಸಿ ರದ್ದುಮಾಡಿಸಿಕೊಳ್ಳಬೇಕಾಯಿತು. ನಮ್ಮ ಸಂವಿಧಾನವು ಎರಡು ದೋಣಿಗಳಲ್ಲಿ ಕಾಲಿಡಲು ಬಿಡುವುದಿಲ್ಲ.

ರಜೆಯಲ್ಲಿ ಅಂಗಳದಲ್ಲಿ ಆಡುವ ಇಬ್ಬರು ಮೊಮ್ಮಕ್ಕಳನ್ನು ನೋಡಿ. ಕುವೈತಿನಲ್ಲಿ ಹುಟ್ಟಿದ ಹುಡುಗನಿಗೆ ಕುವೈತ್ ತನ್ನ ಪೌರತ್ವವನ್ನು ಕೊಡಲಿಲ್ಲ, ಕೊಡುವುದೂ ಇಲ್ಲ; ಅವನದು ಭಾರತದ ಪಾಸ್‌ಪೋರ್ಟ್. ಅಮೆರಿಕದಲ್ಲಿ ಹುಟ್ಟಿದ ಹುಡುಗಿ ಹುಟ್ಟಿನಿಂದಲೇ ಅಮೆರಿಕದವಳು. ಆದರೆ ಅಜ್ಜಿಯ ಲೆಕ್ಕವೇ ಬೇರೆ. ಮಗಳ ಮಗಳಾದ್ದರಿಂದ ಅಮೆರಿಕದವಳು ಅಜ್ಜಿಯ ಬಳಿಯವಳು, ಈ ಮನೆಯವಳು. ಮಗನ ಮಗನಾದ ಹುಡುಗನು ಅವನ ತಾಯಿಯ ಬಳಿಗೆ ಸೇರಿದವನು. ದೈವದ ಮುಂದೆ ಅವನು ಈ ಮನೆಗೆ ನೆಂಟ. ಭಾರತ ಸರಕಾರವು ಹೊರಗಿನವಳೆಂದವಳನ್ನು ದೈವವು ಒಳಗೆ ಕರೆಯುತ್ತದೆ.

ಸರಕಾರವೂ ನಡುದಾರಿಯೊಂದನ್ನು ತೆರೆದಿದೆ. 2005ರ ಕೊನೆಯಿಂದ ‘ಸಾಗರೋತ್ತರ ಭಾರತೀಯ ನಾಗರಿಕ’ ಎಂಬ ಚೀಟಿ ಬಂದಿದೆ, ರೂಢಿಯಲ್ಲಿ ಓ.ಸಿ.ಐ. ಕಾರ್ಡ್. ಹೆಸರಿನಲ್ಲಿ ‘ನಾಗರಿಕ’ ಎಂದಿದ್ದರೂ ಪೌರತ್ವ ಅದರಲ್ಲಿಲ್ಲ. ಜೀವಮಾನವಿಡೀ ವೀಸಾ ಕೇಳದೆ ಬಂದುಹೋಗಬಹುದು, ಎಷ್ಟು ದಿನ ಬೇಕಾದರೂ ಇರಬಹುದು, ಪೊಲೀಸರಲ್ಲಿ ಹೆಸರು ಬರೆಯಿಸಬೇಕಾಗಿಲ್ಲ. ಮತ ಹಾಕುವಂತಿಲ್ಲ, ಸರಕಾರಿ ಹುದ್ದೆ ಇಲ್ಲ, ಧರ್ಮಪ್ರಚಾರ, ಪತ್ರಿಕಾವೃತ್ತಿಗಳಿಗೆ ಬೇರೆ ಅನುಮತಿ ಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಕೃಷಿಭೂಮಿಯನ್ನು ಕೊಳ್ಳುವಂತಿಲ್ಲ. ಮನೆ ಕೊಳ್ಳಬಹುದು, ಪೇಟೆಯಲ್ಲಿ ಮಳಿಗೆ ಕೊಳ್ಳಬಹುದು, ಗದ್ದೆ ತೋಟಗಳು ಕೂಡವು.

ಅಜ್ಜಿಗೆ ಈ ಒಂದು ನಿಯಮ ಅರ್ಥವಾಗುವುದಿಲ್ಲ. ನಾಗಬನದ ಪಕ್ಕದ ಮೂರು ಮುಡಿ ಗದ್ದೆಯನ್ನು ಮಗಳ ಹೆಸರಿಗೆ ದಾನಪತ್ರ ಬರೆಯಬೇಕೆಂಬುದು ಅವಳ ಆಸೆ. ಕಣ್ಣಿದ್ದಾಗಲೇ ಕೊಟ್ಟರೆ ನೋಡಿ ಸಂತೋಷಪಡಬಹುದಲ್ಲವೆ? ವಕೀಲರು ತಲೆಯಾಡಿಸುತ್ತಾರೆ. ಪರದೇಶದ ಪೌರಳಾದ ಮಗಳಿಗೆ ಕೃಷಿಭೂಮಿಯನ್ನು ದಾನವಾಗಿ ಕೊಡುವಂತಿಲ್ಲ. ಉತ್ತರಾಧಿಕಾರದಿಂದ ಬರುವುದಕ್ಕೆ ಅಡ್ಡಿಯಿಲ್ಲ. ಹೊರದೇಶದಲ್ಲಿ ನೆಲೆಸಿರುವಷ್ಟು ಕಾಲ ಕುವೈತಿನ ಮಗನಿಗೂ, ಭಾರತದ ಪೌರನಾಗಿದ್ದರೂ, ಅದೇ ನಿಯಮ. ‘ಹಂಗಾರೆ ನಾನ್ ಸತ್ತ್ ಮೇಲೇ ಕೊಡ್ಕಾ?’ ಎಂದು ಅಜ್ಜಿ ಕೇಳುತ್ತಾಳೆ. ವಕೀಲರು ಮರಣಶಾಸನದ ಕರಡನ್ನು ಬರೆಯತೊಡಗುತ್ತಾರೆ.

ಊರಿಗೆ ಬಂದವರನ್ನು ಕಂಡರೆ ಕುಂದಾಪುರ ಸೀಮೆಯವರು ಕೇಳುವ ಪ್ರಶ್ನೆ ಎರಡು: ‘ಯಾವಾಗ್ ಬಂದದ್ದ್? ಯಾವಾಗ್ ಹೋಪುದ್?’ ಗದ್ದೆಯ ಅಂಚಿನಲ್ಲಿ ಹಾದುಹೋಗುವ ನೆರೆಯವನು ಜಗಲಿಯ ಕಡೆಗೆ ಕೂಗಿ ಇದನ್ನೇ ಕೇಳುತ್ತಾನೆ. ಕುವೈತಿನ ಮಗನು ಬೆರಳು ಮಡಿಸಿ ದಿನ ಹೇಳುತ್ತಾನೆ. ಅಲ್ಲಿಯ ಖಾಸಗಿ ನೌಕರನು ಆರು ತಿಂಗಳಿಗಿಂತ ಹೆಚ್ಚು ಕಾಲ ಹೊರಗೆ ಉಳಿದರೆ ಸಾಮಾನ್ಯವಾಗಿ ನಿವಾಸದ ಪರವಾನಿಗೆ ರದ್ದಾಗುತ್ತದೆ. ಅವನಿಗೆ ಸಿಕ್ಕ ರಜೆಯೋ ನಲವತ್ತೈದು ದಿನ. ಭಾರತದ ಪಾಸ್‌ಪೋರ್ಟ್ ಹಿಡಿದ ಅವನು ಮುಂದಿನ ಶುಕ್ರವಾರ ಬಜಪೆಯಲ್ಲಿ ವಿಮಾನ ಹತ್ತಬೇಕು. ಅಮೆರಿಕದ ಪಾಸ್‌ಪೋರ್ಟಿನ ಹುಡುಗಿ ಅಜ್ಜಿಯ ಮಗ್ಗುಲಲ್ಲಿ ಕುಳಿತು ಹಲಸಿನ ಹಪ್ಪಳ ಮುರಿಯುತ್ತಿದ್ದಾಳೆ. ಅವಳ ಚೀಟಿಯಲ್ಲಿ ಆಜೀವ ಎಂದು ಬರೆದಿದೆ. ‘ನೀ ಯಾವಾಗ್ ಹೋಪುದ್ ಹೆಣೆ?’ ಎಂದು ನೆರೆಯವನು ಕೇಳಿದರೆ ಅವಳು ಅಜ್ಜಿಯ ಮುಖವನ್ನು ನೋಡುತ್ತಾಳೆ. ‘ಅದಕ್ಕ್ ಎಂತ ಅವಸರ?’ ಎಂದು ಅಜ್ಜಿಯೇ ಉತ್ತರ ಕೊಡುತ್ತಾಳೆ.